ಡಬ್ಬಿಯ ಬೆಸುಗೆಯಲ್ಲಿದ್ದ ಸೀಸ



ಬೆಂಗಳೂರಿನ ಹಲಸೂರಿನ ತಮಿಳು ಮನೆಗಳಲ್ಲಿ ರಸಂ ಕುದಿಸುವ ಬೆಳ್ಳನೆಯ ಪಾತ್ರೆಗೆ ಈಯ ಚೊಂಬು ಎನ್ನುತ್ತಾರೆ. ಈಯ ಅಂದರೆ ನಮ್ಮ ತವರ. ಸೀಸಕ್ಕೆ ತಮಿಳಿನಲ್ಲಿ ಕಾರೀಯ, ಅಂದರೆ ಕರಿಯ ಈಯ ಎಂಬ ಹೆಸರು. ಹೆಸರಲ್ಲಿ ಅಕ್ಕತಂಗಿಯರಾದ ಈ ಲೋಹಗಳಲ್ಲಿ ಒಂದು ಅಡುಗೆಮನೆಗೆ ಸಲ್ಲುತ್ತದೆ, ಇನ್ನೊಂದು ಮಕ್ಕಳ ಮಿದುಳನ್ನು ಕೆಡಿಸುತ್ತದೆ. ಡಬ್ಬಿ ಆಹಾರದ ಕಥೆಯಲ್ಲಿ ಎರಡೂ ಜೊತೆಯಾಗಿಯೇ ಬಂದವು.

1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಕಟ್ಟಿದರು. ಮರುವರ್ಷ ಫ್ರಾನ್ಸಿನ ನಿಕೊಲಾ ಅಪೇರ್, ಗಾಜಿನ ಸೀಸೆಯಲ್ಲಿ ಆಹಾರ ಕೆಡದಂತೆ ಇಡುವ ವಿಧಾನಕ್ಕೆ 12,000 ಫ್ರಾಂಕ್ ಬಹುಮಾನ ಪಡೆದ. ಅದೇ 1810ರಲ್ಲಿ ಲಂಡನ್ನಿನ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಗೆ ಪೇಟೆಂಟ್ ಮಾಡಿಸಿದ. ಸೈನ್ಯ, ಹಡಗುಗಳ ಹಿಂದೆಯೇ ಡಬ್ಬಿಯೂ ಊರೂರು ಸುತ್ತಿತು.

ನಮ್ಮ ಬೀದಿಗಳಲ್ಲಿ ಕಲಾಯಿಯವರು ತಿದಿ ಒತ್ತಿ, ನವಸಾಗರದ ಪುಡಿ ಎರಚಿ, ಹಿತ್ತಾಳೆಗೆ ತವರ ಬಳಿಯುತ್ತಿದ್ದರಲ್ಲ, ಆ ಡಬ್ಬಿಯೂ ಅಂಥದೇ: ಕಲಾಯಿ ಹಾಕಿದ ಕಬ್ಬಿಣ. ಕೇಡು ಇದ್ದದ್ದು ಬೆಸುಗೆಯಲ್ಲಿ. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಬೇಕು, ಸೀಸಕ್ಕೆ 327. ಹದವಾಗಿ ಬೆರೆಸಿದರೆ 183ಕ್ಕೇ ಕರಗುತ್ತದೆ. ಸೀಸ ಅಗ್ಗವೂ ಹೌದು. ಹಾಗಾಗಿ ಡಬ್ಬಿಯ ಅಂಚುಗಳನ್ನು ಸೀಸದ ಬೆಸುಗೆಯಿಂದಲೇ ಕೂಡಿಸಿದರು. ಒಳಗಿನ ಹುಳಿ ಅದನ್ನು ಸ್ವಲ್ಪಸ್ವಲ್ಪವೇ ಕರಗಿಸಿಕೊಂಡಿತು.

1845ರಲ್ಲಿ ಸಾವಿರಾರು ಡಬ್ಬಿಗಳೊಂದಿಗೆ ಆರ್ಕ್‌ಟಿಕ್‌ಗೆ ಹೊರಟ ಬ್ರಿಟಿಷ್ ನಾವಿಕ ಫ್ರಾಂಕ್ಲಿನ್‌ನ ತಂಡದ 129 ಮಂದಿಯೂ ಸತ್ತರು. 1980ರ ದಶಕದಲ್ಲಿ ಹಿಮದಡಿಯ ಮೂರು ಶವಗಳಲ್ಲಿ ಹೆಚ್ಚಿನ ಸೀಸ ಸಿಕ್ಕಿತು. ಡಬ್ಬಿಯೇ ಕಾರಣವೋ, ಹಡಗಿನ ನೀರಿನ ಕೊಳವೆಯೋ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೂ ಅಮೆರಿಕ ಡಬ್ಬಿಗೆ ಸೀಸದ ಬೆಸುಗೆಯನ್ನು ಕಾನೂನಿನಿಂದ ನಿಷೇಧಿಸಿದ್ದು 1995ರಲ್ಲಿ. ಇಷ್ಟು ತಡವಾದದ್ದನ್ನು ನಾನು ಕ್ಷಮಿಸಲಾರೆ.

ನಮ್ಮ ಊರಲ್ಲೂ ಎಚ್ಚರ ಮೂಡಿತು. ಸೀಸದ ವಿಷದ ಬಗ್ಗೆ 1999ರಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮಕ್ಕಳ ರಕ್ತದ ಸೀಸವನ್ನು ಅಳೆಯುತ್ತ, ಪೆಟ್ರೋಲು, ಬಣ್ಣ, ಹಳೆಯ ಬ್ಯಾಟರಿಗಳತ್ತ ಬೊಟ್ಟುಮಾಡಿದರು. ಮರುವರ್ಷ ದೇಶದಲ್ಲಿ ಸೀಸದ ಪೆಟ್ರೋಲು ನಿಂತಿತು. ಇತ್ತ ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗೆ ಬೆಸುಗೆಯೇ ಇಲ್ಲದ ಚೀಲಗಳಲ್ಲಿ ಊಟ ಒದಗಿಸಿತು.

ಇಂದಿನ ಡಬ್ಬಿಗಳ ಅಂಚನ್ನು ವಿದ್ಯುತ್ತಿನಿಂದ ಬೆಸೆಯುತ್ತಾರೆ. ಹಲವಕ್ಕೆ ಅಂಚೇ ಇಲ್ಲ. ಒಳಗೆ ಹೊಂಬಣ್ಣದ ಲೇಪವಿದ್ದರೆ ತವರವೂ ಆಹಾರಕ್ಕೆ ಅಷ್ಟಾಗಿ ತಾಗದು. ಅನಾನಸ್‌ನಂಥ ಹಣ್ಣಿನ ಡಬ್ಬಿಗಳು ಮಾತ್ರ ಹೆಚ್ಚಾಗಿ ಒಳಗೆ ಬೋಳು ತವರವೇ. ನಮ್ಮ ನಿಯಮ ಡಬ್ಬಿ ಆಹಾರದಲ್ಲಿ ಕಿಲೋಗೆ 250 ಮಿಲಿಗ್ರಾಂ ತವರವನ್ನು ಒಪ್ಪುತ್ತದೆ. ಮುಚ್ಚಳ ತೆರೆದು ಗಾಳಿ ತಾಕಿತೋ, ತವರ ಬಿಡುವ ವೇಗ ಹೆಚ್ಚುತ್ತದೆ.

ಆದ್ದರಿಂದ ಡಬ್ಬಿ ತೆರೆದ ಕೂಡಲೇ ಉಳಿದದ್ದನ್ನು ಸ್ಟೀಲ್ ಡಬ್ಬಿಗೋ ಗಾಜಿನ ಜಾಡಿಗೋ ಸುರಿದಿಡಿ. ತಗಡಿನಲ್ಲೇ ಫ್ರಿಜ್ಜಿಗೆ ಸೇರಿಸಬೇಡಿ. ಈಯ ಚೊಂಬು ಕೊಳ್ಳುವಾಗ, ಕಲಾಯಿ ಹಾಕಿಸುವಾಗ ತವರಕ್ಕೆ ಸೀಸ ಬೆರೆತಿದೆಯೇ ಎಂದು ಕೇಳಿ. ಅನುಮಾನವಿದ್ದರೆ ಆ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.