ಮೂಕಪ್ರಾಣಿಯ ಗಾಯ ಮತ್ತು ಶ್ರಾವಕನ ಕರ್ತವ್ಯ



ಜೀವಂಧರಕುಮಾರನ ಕಥೆಯನ್ನು ಅರಿಯದ ಶ್ರಾವಕರು ವಿರಳ. ಯಜ್ಞದ ಅನ್ನವನ್ನು ಮುಟ್ಟಿತೆಂದು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಆತನು ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸಿದನು. ಅದು ಸುದರ್ಶನ ಯಕ್ಷನಾಗಿ ಜನಿಸಿ ಆತನಿಗೆ ನೆರವಾಯಿತು. ಆದರೆ ಆ ನಾಯಿ ಬದುಕುವ ಸ್ಥಿತಿಯಲ್ಲಿರಲಿಲ್ಲ. ಬಾಲಕ್ಕೆ ಗಾಯವಾದ ನಾಯಿಯಾದರೋ ಬಹುಮಟ್ಟಿಗೆ ಬದುಕಬಲ್ಲದು. ಅದಕ್ಕೆ ಮಂತ್ರಕ್ಕಿಂತ ಮೊದಲು ಬೇಕಾದುದು ನೀರು ಮತ್ತು ಬಟ್ಟೆ.

ಸೂಳೆಕೆರೆಯ ಸಮೀಪದ ಕೆರೆಬಿಳಚಿಯಂತಹ ಬೇಸಾಯದ ಊರುಗಳಲ್ಲಿ ಗಾಡಿ, ಟ್ರ್ಯಾಕ್ಟರುಗಳ ನೆರಳಿನಲ್ಲಿ ಮಲಗಿದ ನಾಯಿಯ ಬಾಲದ ಮೇಲೆ ಚಕ್ರ ಹರಿಯುವುದುಂಟು. ಬಾಲವಷ್ಟೇ ಎಂದು ಜನರು ಸುಮ್ಮನಾಗುತ್ತಾರೆ. ಕೆಲವೇ ದಿನಗಳಲ್ಲಿ ಗಾಯದ ತುಂಬ ಹುಳು.

ಅಹಿಂಸಾಣುವ್ರತಿಗೆ ಇಲ್ಲಿಯೇ ಸಂಕಟ. ತೆಗೆದರೆ ಹುಳು ಸಾಯುತ್ತದೆ. ಬಿಟ್ಟರೆ ನಾಯಿ ಜೀವಂತವಾಗಿ ಕೊಳೆಯುತ್ತದೆ. ಈ ಸಂಕಟ ಒದಗುವುದು ವಿಳಂಬದಿಂದ. ನೊಣವು ಗಾಯದ ಮೇಲಿಟ್ಟ ಮೊಟ್ಟೆ ಸೆಕೆಯಲ್ಲಿ ಒಂದು ದಿನದೊಳಗೇ ಒಡೆಯುತ್ತದೆ. ಗಾಯವಾದ ದಿನವೇ ತೊಳೆದು ಮುಚ್ಚಿದಲ್ಲಿ ಹುಳು ಹುಟ್ಟುವ ಪ್ರಸಂಗವೇ ಬಾರದು.

ನೊಂದ ನಾಯಿ ಸಾಕಿದವನನ್ನೂ ಕಚ್ಚೀತು. ಆದುದರಿಂದ ಉಸಿರಾಟಕ್ಕೆ ಅಡ್ಡಿಯಾಗದಂತೆ ಮೂತಿಗೆ ಮೆತ್ತನೆಯ ಬಟ್ಟೆ ಸುತ್ತಬೇಕು. ಕಚ್ಚಿದರೆ ಸಾಬೂನು ನೀರಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಗಾಯವನ್ನು ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು ಸಡಿಲವಾಗಿ ಪಟ್ಟಿ ಕಟ್ಟಬೇಕು. ಬಿಗಿದರೆ ರಕ್ತಸಂಚಾರ ನಿಂತು ಬಾಲದ ತುದಿ ಸಾಯುತ್ತದೆ. ಅನ್ನ ಕೊಟ್ಟವರನ್ನು ಕಂಡು ಬಾಲವಾಡಿಸಿ ಗೋಡೆಗೆ ಬಡಿದು ಗಾಯವನ್ನು ಮತ್ತೆ ಒಡೆದುಕೊಳ್ಳುವುದು ನಾಯಿಯ ಸ್ವಭಾವ, ಅದರ ಕೃತಜ್ಞತೆಯೇ ಅದಕ್ಕೆ ಮುಳ್ಳು! ಸೀಮೆಎಣ್ಣೆ, ಸುಣ್ಣ, ಖಾರದಪುಡಿಗಳನ್ನು ಹಾಕುವುದು ಕ್ರೌರ್ಯವೇ ಸರಿ. ಬಾಲವು ಬುಡದಿಂದಲೇ ಜೋತುಬಿದ್ದು ಮೂತ್ರ ಕಟ್ಟಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ಆಗ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹುಳು ಬಿದ್ದ ಗಾಯವೂ ಅವರ ಕೈಗೇ ಸೇರತಕ್ಕದ್ದು.

ವೈದ್ಯರು ಬಾಲವನ್ನು ಕತ್ತರಿಸಬೇಕೆಂದರೆ ಕೆಲವರು ಹಿಂಜರಿಯುತ್ತಾರೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಛೇದವೂ ಒಂದೆಂಬುದು ನಿಜ. ಅಂದಕ್ಕಾಗಿ ನಾಯಿಮರಿಯ ಬಾಲ ಕತ್ತರಿಸುವುದು ಅದರಲ್ಲಿಯೇ ಸೇರುತ್ತದೆ. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಮುನಿಯ ಕುರುವನ್ನು ಕರುಣೆಯಿಂದ ಸೀಳುವ ವೈದ್ಯನ ದೃಷ್ಟಾಂತವನ್ನು ಕೊಟ್ಟಿದ್ದಾರೆ. ನೋವುಂಟಾದರೂ ವೈದ್ಯನಿಗೆ ಪಾಪಬಂಧವಿಲ್ಲ. ಕೊಳೆತ ಬಾಲವನ್ನು ತೆಗೆಯುವ ಪಶುವೈದ್ಯನೂ ಅದೇ ಸಾಲಿನವನು.

ಅನ್ನಪಾನನಿರೋಧವೂ ಆ ಐದರಲ್ಲಿ ಸೇರಿದೆ. ಪಟ್ಟಿ ಕಟ್ಟಿ ಮೂಲೆಯಲ್ಲಿ ಕಟ್ಟಿಹಾಕಿದ ನಾಯಿಗೆ ನೀರಿನ ಬೋಗುಣಿ ಎಟುಕುವಂತಿದೆಯೇ ಎಂದು ರಾತ್ರಿ ಮಲಗುವ ಮುನ್ನ ಒಮ್ಮೆ ನೋಡತಕ್ಕದ್ದು.