ಕುಡಿತ ಬಿಡುವವನಿಗೂ ಒಂದು ಸಂಘ ಬೇಕು

(ಕಾರ್ಮಿಕ ಸಂಘದ ಸಭೆಯಲ್ಲಿ ಮಾಡಿದ ಭಾಷಣ. ಮಾತನಾಡಿದವರ ಇಚ್ಛೆಯಂತೆ ಹೆಸರು ಕೊಟ್ಟಿಲ್ಲ.)

ಇಲ್ಲಿ ಮಾತನಾಡಬೇಕೆಂದು ಕರೆದಾಗ ನಾವು ಹಿಂಜರಿದೆವು. ಕೂಲಿ, ಬೋನಸ್ಸು, ಪಾಳಿಯ ವಿಷಯವಾದರೆ ದನಿ ತಾನಾಗಿ ಏರುತ್ತದೆ. ಕುಡಿತದ ವಿಷಯ ಬಂದರೆ ತಲೆ ತಗ್ಗುತ್ತದೆ. ಆದರೂ ಒಪ್ಪಿದೆವು. ನಾವು ಮೂವರು. ಇಬ್ಬರು ಗಿರಣಿಯವರು, ಒಬ್ಬರು ಕಿರಾಣಿ ಅಂಗಡಿಯವರು. ಕುಡಿದು ಕೆಟ್ಟವರು, ಈಗ ಕುಡಿಯದೆ ಇರುವವರು.

ಬಟವಾಡೆಯ ದಿನ ಗಿರಣಿಯ ಬಾಗಿಲಿನಿಂದ ಮನೆಯವರೆಗೆ ಎಷ್ಟು ಮದ್ಯದಂಗಡಿಗಳಿವೆಯೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಮದ್ಯಪಾನ ನಿಷೇಧಕ್ಕೆ ಸರ್ಕಾರ ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕುಡಿಯುವವನು ಅಗ್ಗದ ವಿಸ್ಕಿಗೆ ತಿರುಗಿದ. 2023-24ರ ಸಾಲಿನಲ್ಲಿ ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಬಂತು. ಇದು ಯಾರ ಅಡಿಗೆಮನೆಯ ದುಡ್ಡು? ಇದರ ವಿರುದ್ಧ ಹೋರಾಟ ನಡೆಯಲೇಬೇಕು. ಆದರೆ ಹೋರಾಟ ಗೆಲ್ಲುವವರೆಗೆ, ಇಂದು ರಾತ್ರಿ ಕೈ ನಡುಗುತ್ತಿರುವವನು ಕಾಯಲಾರ.

ಅವನಿಗೆ ನಾವೇನು ಮಾಡಿದ್ದೇವೆ? ಬುದ್ಧಿ ಹೇಳಿದೆವು, ಆಣೆ ಹಾಕಿಸಿದೆವು, ಕೊನೆಗೆ ಮುಖ ತಿರುಗಿಸಿದೆವು. ನಮ್ಮಲ್ಲೊಬ್ಬರು ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿ, ಮೂರನೆಯ ದಿನವೇ ಕುಡಿದರು. ಇದೇ ಸಂಘದ ಸಮಿತಿಯಲ್ಲಿದ್ದ ಒಬ್ಬ ಹಿರಿಯರನ್ನು ಕುಡುಕನೆಂದು ತೆಗೆದುಹಾಕಿದೆವು. ಆ ನಿರ್ಣಯಕ್ಕೆ ಕೈ ಎತ್ತಿದವರಲ್ಲಿ ನಾವೂ ಇದ್ದೆವು. ಆ ದಿನ ನಮ್ಮ ಬಾಯಲ್ಲೂ ವಾಸನೆಯಿತ್ತು. ಆ ಹಿರಿಯರು ಈಗಿಲ್ಲ.

ಅಮೆರಿಕದ ಓಹಾಯೋ ಪ್ರಾಂತದಲ್ಲಿ ಆಕ್ರನ್ ಎಂಬ ಊರಿದೆ. ಆಗ ಅದು ಟೈರು ಕಾರ್ಖಾನೆಗಳ ಊರು. 1935ರಲ್ಲಿ ನ್ಯೂಯಾರ್ಕಿನ ಷೇರು ವ್ಯಾಪಾರಿ ಬಿಲ್ ವಿಲ್ಸನ್ ಅಲ್ಲಿಗೆ ಬಂದು, ಹಿಡಿದ ವ್ಯವಹಾರ ಕೆಟ್ಟು, ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಪಕ್ಕದಲ್ಲೇ ಮದ್ಯದ ಕೋಣೆ. ತನ್ನಂಥ ಇನ್ನೊಬ್ಬನೊಡನೆ ಮಾತನಾಡದಿದ್ದರೆ ತಾನು ಉಳಿಯಲಾರೆನೆಂದು ಅವನಿಗೆ ತೋರಿತು. ಪಾದ್ರಿಗಳಿಗೆ ಟೆಲಿಫೋನು ಮಾಡಿ ವಿಚಾರಿಸಿದ. ಕೊನೆಗೆ ಸಿಕ್ಕಿದವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು, ಅವರೂ ಕುಡಿತಕ್ಕೆ ಸಿಕ್ಕಿದವರೇ. ಇಬ್ಬರೂ ಗಂಟೆಗಟ್ಟಲೆ ಮಾತನಾಡಿದರು. ಅಲ್ಲಿಂದ ಬೆಳೆದದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್. ಎ.ಎ. ಎನ್ನುತ್ತಾರೆ. ಹೆಸರು ಹೊರಗೆಡಹದ ಕುಡುಕರ ಕೂಟ ಎಂದು ಅರ್ಥ.

ನಾವು ಅದನ್ನು ಹುಡುಕಿದ್ದು ಹೇಗೆ? ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಹೋದೆವು. ಇದನ್ನು ಗಟ್ಟಿಯಾಗಿ ಹೇಳುತ್ತೇವೆ: ಬಹುಕಾಲ ದಿನವೂ ಕುಡಿದವನು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ಎರಡು ಮೂರು ದಿನಗಳಲ್ಲೇ ನಡುಕ, ಫಿಟ್ಸು, ಭ್ರಮೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಔಷಧಿ ಕೊಟ್ಟ ವೈದ್ಯರೇ ಕೂಟದ ಜಾಗವನ್ನೂ ಹೇಳಿದರು. ಎಲ್ಲಿ ಕೇಳಬೇಕೆಂದು ತಿಳಿಯದವರು 14446ಕ್ಕೆ ಫೋನು ಮಾಡಬಹುದು. ಅದು ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ಕಾಸು ಬೀಳುವುದಿಲ್ಲ.

ಒಂದು ಶಾಲೆಯ ಕೊಠಡಿ, ಸಂಜೆ ಏಳು ಗಂಟೆ. ಮೊದಲ ವಾರ ಗೇಟಿನವರೆಗೆ ಹೋಗಿ ಮರಳಿದೆವು. ಎರಡನೆಯ ವಾರವೂ ಹಾಗೆಯೇ. ಗುರುತಿನವರು ಕಂಡರೆ? ಮದ್ಯದಂಗಡಿಯ ಮುಂದೆ ಹಗಲಲ್ಲೇ ಬಿದ್ದಿದ್ದವರಿಗೆ ಇಲ್ಲಿ ನಾಚಿಕೆ! ಮೂರನೆಯ ವಾರ ಒಳಗಿದ್ದವರೇ ಹೊರಬಂದು, “ಬನ್ನಿ, ಚಹಾ ಆರುತ್ತದೆ” ಎಂದರು.

ಒಳಗೆ ಭಾಷಣವಿಲ್ಲ, ಬೈಗುಳವಿಲ್ಲ. ಒಬ್ಬರು ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು, ನೀವು ಸದಸ್ಯರು. ಚಂದಾ ಇಲ್ಲ. ಇದ್ದವರು ಇಷ್ಟಬಂದಷ್ಟು ಹಾಕುತ್ತಾರೆ, ಹೊರಗಿನ ದಾನ ಮುಟ್ಟುವುದಿಲ್ಲ. ಜನ್ಮವಿಡೀ ಬಿಡುವ ಆಣೆ ಅಲ್ಲಿ ಯಾರೂ ಕೇಳರು. ಇಂದು ಒಂದು ದಿನ ಕುಡಿಯಬೇಡ, ಅಷ್ಟೆ. ದೇವರ ಮಾತೂ ಬರುತ್ತದೆ. ನಮ್ಮಲ್ಲಿ ದೇವರನ್ನು ನಂಬದವರೊಬ್ಬರು ಎದ್ದು ಹೋಗಲಿದ್ದರು. “ನಿಮಗಿಂತ ದೊಡ್ಡದು ಈ ಕೂಟವೇ ಎಂದುಕೊಳ್ಳಿ” ಎಂದರು. ಸಂಘದಲ್ಲಿ ಬೆಳೆದವರಿಗೆ ಈ ಮಾತು ಹೊಸದಲ್ಲ, ಅವರು ಕುಳಿತರು.

ಇದು ಎಲ್ಲರಿಗೂ ಒಗ್ಗುವ ಮದ್ದಲ್ಲ. ನಮ್ಮಲ್ಲೊಬ್ಬರು ನಾಲ್ಕು ತಿಂಗಳ ನಂತರ ಮತ್ತೆ ಕುಡಿದರು, ತಲೆ ತಗ್ಗಿಸಿ ಮರಳಿದರು. ಕುರ್ಚಿ ಹಾಗೇ ಇತ್ತು. ಆದರೆ ಇದು ಬರಿಯ ನಂಬಿಕೆಯ ಮಾತೂ ಅಲ್ಲ. 27 ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ಪರಿಶೀಲನೆ 2020ರಲ್ಲಿ ಹೊರಬಂತು. ಪೂರ್ತಿ ಕುಡಿಯದೆ ಉಳಿಯುವುದಕ್ಕೆ, ಜನರನ್ನು ಈ ಕೂಟಕ್ಕೆ ಸೇರಿಸುವ ಕ್ರಮಬದ್ಧ ಚಿಕಿತ್ಸೆ ಇತರ ಚಿಕಿತ್ಸೆಗಳಿಗಿಂತ ಹೆಚ್ಚು ನೆರವಾಯಿತೆಂದು ಅದು ಕಂಡಿತು.

ಬಂಧುಗಳೇ, ಸಂಘದ ಮುಂದೆ ಮೂರು ಬೇಡಿಕೆಗಳು. ಕುಡಿತದ ಕಾರಣಕ್ಕೆ ಯಾರ ಹೆಸರನ್ನೂ ಪಟ್ಟಿಯಿಂದ ತೆಗೆಯಬೇಡಿ, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ. ಭಾನುವಾರ ಸಂಜೆ ನಮ್ಮ ಕಚೇರಿಯ ಹಿಂದಿನ ಕೋಣೆಯನ್ನು ಕೂಟಕ್ಕೆ ಬಿಡಿ. ಅವರು ಬಾಡಿಗೆ ಕೊಟ್ಟೇ ಕೂರುವವರು, ತೆಗೆದುಕೊಳ್ಳಿ. ಅಲ್ಲಿ ಪಕ್ಷದ ಮಾತು ತರಬೇಡಿ, ಹೊರಗಿನ ವಾದಗಳಲ್ಲಿ ಪಕ್ಷ ವಹಿಸದಿರುವುದು ಅವರ ನಿಯಮ. ಮೂರನೆಯದು, ಬಟವಾಡೆಯ ಸಂಜೆ ಒಬ್ಬೊಬ್ಬರೇ ಹೊರಡಬೇಡಿ. ಗೇಟಿನ ಬಳಿ ನಾವು ಮೂವರು ನಿಂತಿರುತ್ತೇವೆ. ಮನೆಯವರೆಗೆ ಜೊತೆಯಲ್ಲಿ ನಡೆಯೋಣ.