ಮಕ್ಕಳ ಶಿಬಿರ: ನಂಬಿಕೆಯೂ ಇರಲಿ, ಪರೀಕ್ಷೆಯೂ ಇರಲಿ

(ಬೇಸಿಗೆ ಶಿಬಿರದ ಸ್ವಯಂಸೇವಕರಾಗಿ ಬಂದ ಸದಸ್ಯರಿಗೆ ನಿವೃತ್ತ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸ)



ಬೇಸಿಗೆ ರಜೆ ಬಂತೆಂದರೆ ಸದಸ್ಯರ ಮಕ್ಕಳಿಗಾಗಿ ಶಿಬಿರ ನಡೆಸುವ ಉತ್ಸಾಹ ನಮ್ಮಲ್ಲಿ ಮೂಡುತ್ತದೆ. ಹಾಡು, ಆಟ, ಈಜು, ಚಾರಣ ಎಲ್ಲವೂ ಇರಲಿ, ಬೇಡವೆನ್ನುವವನು ನಾನಲ್ಲ. ಆದರೆ ತಂದೆತಾಯಿ ಮಗುವನ್ನು ನಿಮ್ಮ ಕೈಗೆ ಒಪ್ಪಿಸಿದ ಗಳಿಗೆಯಿಂದ ಅದು ಮರಳಿ ಮನೆ ಸೇರುವವರೆಗೆ, ಅದರ ಜೀವಕ್ಕೂ ಮಾನಕ್ಕೂ ನೀವೇ ಹೊಣೆ.

ದಿನಾ ಬೆಳಿಗ್ಗೆ ಸಂಘದಲ್ಲಿ ಪ್ರತಿಯೊಬ್ಬರ ಹಾಲನ್ನೂ ಪರೀಕ್ಷಿಸುತ್ತಾರೆ. ಅಧ್ಯಕ್ಷರ ಮನೆಯ ಹಾಲಿಗೂ ಡಿಗ್ರಿ ನೋಡುತ್ತಾರೆ, ಕಾರ್ಯದರ್ಶಿಯ ಮನೆಯ ಹಾಲಿಗೂ ಫ್ಯಾಟ್ ನೋಡುತ್ತಾರೆ. "ನನ್ನ ಮೇಲೆ ಅನುಮಾನವೇ?" ಎಂದು ಯಾರೂ ಮುನಿಸಿಕೊಳ್ಳುವುದಿಲ್ಲ. ಎಲ್ಲರಿಗೂ ಒಂದೇ ನಿಯಮವಿರುವುದರಿಂದಲೇ ಸಂಘದ ಮೇಲೆ ನಂಬಿಕೆ ಉಳಿದಿದೆ. ಶಿಬಿರದ ನಿಯಮಗಳನ್ನೂ ಹೀಗೆಯೇ ತಿಳಿಯಿರಿ.

ಮೊದಲನೆಯದು, ಯಾವ ದೊಡ್ಡವರೂ ಒಂದು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಕೂಡದು. ಬುದ್ಧಿ ಹೇಳುವುದಿದ್ದರೆ ಜಗುಲಿಯ ಮೇಲೆ, ನಾಲ್ವರಿಗೆ ಕಾಣುವಂತೆ ಹೇಳಿ. ರಾತ್ರಿ ಕಾವಲಿಗೆ ಇಬ್ಬರಿರಬೇಕು; ಹೆಣ್ಣುಮಕ್ಕಳು ಮಲಗುವ ಕಡೆ ಮಹಿಳೆಯರೇ ಇರಬೇಕು. ಸ್ನಾನದ ಮನೆ, ಬಟ್ಟೆ ಬದಲಿಸುವ ಜಾಗದ ಹತ್ತಿರ ಮೊಬೈಲ್ ಒಯ್ಯಬೇಡಿ. ಹೊಡೆಯುವುದು, ಬಿಸಿಲಲ್ಲಿ ನಿಲ್ಲಿಸುವುದು, ಜಾತಿ ಹಿಡಿದು, ಮೈಬಣ್ಣ ಹಿಡಿದು ಹಂಗಿಸುವುದು ಖಂಡಿತ ಕೂಡದು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಬಹಳ ವರ್ಷಗಳ ಹಿಂದೆ ನಾವು ನಡೆಸಿದ ಶಿಬಿರವೊಂದರಲ್ಲಿ ಒಬ್ಬ ಹುಡುಗಿ ಸ್ವಯಂಸೇವಕನೊಬ್ಬನ ನಡತೆಯ ಬಗ್ಗೆ ಅಳುತ್ತಾ ಹೇಳಿದಳು. ಹಿರಿಯರೆಲ್ಲ ಸೇರಿ ಕುಳಿತೆವು. ಊರಿನ ಮರ್ಯಾದೆ, ಹುಡುಗಿಯ ಮದುವೆಯ ಮಾತು ಎಲ್ಲ ಬಂತು. ಕೊನೆಗೆ ಆತನನ್ನು ಸದ್ದಿಲ್ಲದೆ ಊರಿಗೆ ಕಳಿಸಿ ಕೈ ತೊಳೆದುಕೊಂಡೆವು. ಮರುವರ್ಷ ಬೇರೊಂದು ಊರಿನ ಶಿಬಿರಕ್ಕೆ ಹೋದಾಗ ಆತ ಅಲ್ಲಿ ಮಕ್ಕಳ ನಡುವೆ ನಿಂತಿದ್ದ! ಕಲಬೆರಕೆ ಹಾಲನ್ನು ನಮ್ಮ ಸಂಘದಲ್ಲಿ ಬೇಡವೆಂದು, ಪಕ್ಕದ ಸಂಘಕ್ಕೆ ಹಾಕಲು ಬಿಟ್ಟಂತಾಗಿತ್ತು ನಮ್ಮ ನ್ಯಾಯ. ಆ ಹುಡುಗಿಯಂತೂ ಮತ್ತೆ ನಮ್ಮ ಯಾವ ಶಿಬಿರಕ್ಕೂ ಬರಲಿಲ್ಲ.

ಈಗ ಕಾನೂನು ಸ್ಪಷ್ಟವಾಗಿದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಸೆರೆವಾಸ ಆಗಬಹುದು. ಸಂಸ್ಥೆಯ ಮುಖ್ಯಸ್ಥರಾದವರು ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಆಗಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಅದೇ ಕಾಯ್ದೆ ರಕ್ಷಣೆ ಕೊಡುತ್ತದೆ. ಆದ್ದರಿಂದ ಪಂಚಾಯಿತಿ, ರಾಜಿ ಬೇಡವೇ ಬೇಡ.

ಮಗು ಬಂದು ಹೇಳಿಕೊಂಡಾಗ ಏನು ಮಾಡಬೇಕು? ಸಮಾಧಾನವಾಗಿ ಕೇಳಿ. "ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ" ಎನ್ನಿ. "ಯಾರಿಗೂ ಹೇಳುವುದಿಲ್ಲ" ಎಂದು ಮಾತ್ರ ಮಾತು ಕೊಡಬೇಡಿ. ಕೆದಕಿ ಕೆದಕಿ ಪ್ರಶ್ನೆ ಹಾಕಬೇಡಿ. ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಟ್ಟು, ದಿನಾಂಕ, ವೇಳೆ ಹಾಕಿ. ಮಕ್ಕಳ ಸಹಾಯವಾಣಿ 1098ಕ್ಕೆ, ಪೊಲೀಸರಿಗಾಗಿ 112ಕ್ಕೆ ಕರೆ ಮಾಡಿ. ಮಗುವಿನ ಹೆಸರು ಊರಿನ ಬಾಯಿಗೆ ಬೀಳದಂತೆ ನೋಡಿಕೊಳ್ಳಿ.

ಇನ್ನು ಜೀವಾಪಾಯದ ಮಾತು. ಸಂಜೆ ಒಂದು ಕರು ಕೊಟ್ಟಿಗೆಗೆ ಬಾರದಿದ್ದರೆ ಬ್ಯಾಟರಿ ಹಿಡಿದು ಹೊರಡುವವರು ನಾವು. ಮಕ್ಕಳನ್ನೂ ಹಾಗೆಯೇ ಎಣಿಸಬೇಕು: ಹೊರಡುವಾಗ, ತಲುಪಿದಾಗ, ಊಟಕ್ಕೆ ಕೂತಾಗ, ಮಲಗುವಾಗ. ಎಣಿಸಿದವರು ಪುಸ್ತಕದಲ್ಲಿ ಬರೆದು ಸಹಿ ಹಾಕಲಿ.

ಕೃಷಿ ಹೊಂಡಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಬಿದ್ದವರು ಈಜು ಬಲ್ಲವರಾದರೂ ಜಾರುವ ದಡ ಹತ್ತಲಾರರು. ಶಿಬಿರದ ಸುತ್ತ ಅಂಥ ಹೊಂಡವಿದ್ದರೆ ಬೇಲಿ ಹಾಕಿಸಿ, ಗೂಟಕ್ಕೆ ಗಟ್ಟಿ ಹಗ್ಗ ಕಟ್ಟಿ ನೀರಿಗೆ ಇಳಿಬಿಡಿ. ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬೇಡಿ; ಹಗ್ಗ, ಬಿದಿರುಗಳ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಕೊಡಿ. ಮೇಲೆತ್ತಿದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸಬೇಡಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆಯ ನಡುವೆ ಒತ್ತಿ. 30 ಸಲ ಒತ್ತಿ 2 ಸಲ ಉಸಿರು, ಹೀಗೆ ಬಿಡದೆ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಇದನ್ನು ಶಿಬಿರಕ್ಕೆ ಮುಂಚೆಯೇ ವೈದ್ಯರಿಂದ ಕೈಯಾರೆ ಕಲಿಯಿರಿ.

ಮಕ್ಕಳನ್ನು ಬರಿ ನೆಲದ ಮೇಲೆ ಮಲಗಿಸಬೇಡಿ. ಕಟ್ಟುಹಾವು ರಾತ್ರಿ ಹೊತ್ತು ಮಲಗಿದವರನ್ನೇ ಕಚ್ಚುವುದು ಹೆಚ್ಚು. ಅದರ ಹಲ್ಲಿನ ಗುರುತು ಕಾಣದೆ ಇರಬಹುದು; ನೋವು, ಬಾವು ಇಲ್ಲದಿರಬಹುದು. ನಸುಕಿನಲ್ಲಿ ಮಗು ಹೊಟ್ಟೆನೋವು ಎಂದು ಎದ್ದು, ರೆಪ್ಪೆ ಜೋತು ಬಿದ್ದು, ಮಾತು ತೊದಲಿದರೆ ಅಜೀರ್ಣವೆಂದು ಸೋಡಾ ಕುಡಿಸಿ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಯಾವ ಹಾವೇ ಕಚ್ಚಲಿ, ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು, ಮಂತ್ರ ಹಾಕಿಸುವುದು ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಮಲಗಿಸಿಯೇ ಕರೆದೊಯ್ಯಿರಿ. ಹಾವಿನ ವಿಷಕ್ಕೆ ಚುಚ್ಚುಮದ್ದು ಎಲ್ಲಿ ಸಿಗುತ್ತದೆಂದು ಶಿಬಿರದ ಮುನ್ನಾದಿನವೇ ವಿಚಾರಿಸಿಡಿ. ರಾತ್ರಿಯಿಡೀ ಒಂದು ವಾಹನ, ಒಬ್ಬ ಚಾಲಕ ಸಿದ್ಧವಿರಲಿ.

ಏನೇ ನಡೆದರೂ ತಂದೆತಾಯಿಗೆ ಮೊದಲು ನೀವೇ ತಿಳಿಸಿ, ನಿಜವನ್ನೇ ತಿಳಿಸಿ. ಶಿಬಿರಕ್ಕೆ ಕೆಟ್ಟ ಹೆಸರು ಬಂದೀತೆಂಬ ಭಯ ಬೇಡ. ಹೋದ ಹೆಸರನ್ನು ಹತ್ತು ವರ್ಷ ದುಡಿದು ಮತ್ತೆ ಗಳಿಸಬಹುದು, ಮಗುವನ್ನು ಮತ್ತೆ ತರಲಾಗದು. ಈ ಬೇಸಿಗೆಯಲ್ಲಿ ನಿಮ್ಮ ಕೈಗೆ ಬಂದ ಪ್ರತಿ ಮಗುವೂ ಬಂದಂತೆಯೇ ನಗುನಗುತ್ತಾ ಮನೆ ಸೇರಲಿ.